ಖಾರ್ಖೋರಿನ್‌ಗೆ ಎರಡು ಗಂಟೆ ದಾರಿ

೨೦೨೩ರ ಬೇಸಿಗೆಯಲ್ಲಿ ನಾನು ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನ ಒಂದು ಡಯಾಬಿಟಿಕ್ ಫುಟ್ ಕ್ಲಿನಿಕ್‌ನಲ್ಲಿ ಸೀನಿಯರ್ ನರ್ಸ್ ಆಗಿದ್ದೆ. ಸಕ್ಕರೆ ಕಾಯಿಲೆಯವರ ಪಾದ ನೋಡಿಕೊಳ್ಳುವುದೇ ಅಲ್ಲಿನ ಕೆಲಸ. ಬೇರೆ ನರ್ಸ್‌ಗಳು ಪಾರ್ಟಿಗಳಲ್ಲಿ ಹಾರ್ಟು, ಐಸಿಯು ಎಂದು ಹೇಳಿಕೊಂಡು ಮೆರೆಯುತ್ತಾರೆ. ನಾನು ಆಣಿ, ಉಗುರು, ಹುಣ್ಣು ಎಂದು ಬಾಯಿ ತೆರೆದರೆ ಎದುರಿಗಿದ್ದವರು ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಸರಿಯುತ್ತಾರೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೆಳೆದು, ಅಲ್ಲೇ ನರ್ಸಿಂಗ್ ಓದಿ ಬಂದ ನನಗೆ ಅದರಿಂದ ಬೇಜಾರೇನೂ ಇಲ್ಲ. ಒಂದು ಕಾಲು ಉಳಿಸಿದರೆ ಒಬ್ಬ ಮನುಷ್ಯ ಬಾತ್‌ರೂಮಿಗೆ ತಾನೇ ನಡೆದು ಹೋಗುತ್ತಾನೆ. ಇದು ಸಣ್ಣ ವಿಷಯ ಎಂದುಕೊಂಡವರು ಒಂದು ವಾರ ಹಾಸಿಗೆ ಹಿಡಿದು ನೋಡಬೇಕು.

ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರಗಳು ಮಂಕಾಗುತ್ತವೆ. ಇದಕ್ಕೆ ನ್ಯೂರೋಪತಿ ಎನ್ನುತ್ತಾರೆ. ಗಾಳದ ದಾರದಂಥ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ, ರೋಗಿ ಕಣ್ಣು ಮುಚ್ಚಿಕೊಂಡಿರುವಾಗ 'ಗೊತ್ತಾಯಿತೇ' ಎಂದು ಕೇಳುವುದು ನಮ್ಮ ಪರೀಕ್ಷೆ. ಗೊತ್ತಾಗದವರಿಗೆ ಚಪ್ಪಲಿಯೊಳಗೆ ಕಲ್ಲು ಸೇರಿದರೂ ತಿಳಿಯುವುದಿಲ್ಲ, ಬಿಸಿ ಟಾರು ಸುಟ್ಟರೂ ತಿಳಿಯುವುದಿಲ್ಲ. ಗಾಯ ಕೀವಾಗಿ ಮೂಳೆಗೆ ಇಳಿಯುತ್ತದೆ. ಆಮೇಲೆ ಬೆರಳು ತೆಗೆಯುತ್ತಾರೆ, ಅದಕ್ಕೂ ಬಗ್ಗದಿದ್ದರೆ ಪಾದ.

ನಂಜುಂಡಸ್ವಾಮಿ ಅಂಕಲ್ ನಮ್ಮ ಹಳೆಯ ರೋಗಿ. ಪಿರಿಯಾಪಟ್ಟಣದವರು. ರೆಡೊಂಡೊ ಬೀಚ್‌ನ ಒಂದು ಏರೋಸ್ಪೇಸ್ ಕಂಪನಿಯಲ್ಲಿ ಸ್ಯಾಟಲೈಟ್‌ಗಳ ಬಿಸಿ-ತಂಪು ಅಳೆಯುವ ಸೆನ್ಸರ್‌ಗಳ ಕೆಲಸ ಮಾಡಿ ರಿಟೈರ್ ಆಗಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಅನು, ಇಲ್ಲೇ ಹುಟ್ಟಿದವಳು, ಸ್ಯಾನ್ ಡಿಯಾಗೋದಲ್ಲಿ ಟೆಲಿಕಾಂ ಎಂಜಿನಿಯರ್. ರೆಡೊಂಡೊ ಬೀಚ್‌ನಲ್ಲಿ ಪಾದದ ಡಾಕ್ಟರಿಗೆ ಬರವಿಲ್ಲ. ಆದರೂ ಅಂಕಲ್ ಫೋರ್-ಓ-ಫೈವ್ ಹೆದ್ದಾರಿಯ ಟ್ರಾಫಿಕ್‌ನಲ್ಲಿ ತೆವಳಿಕೊಂಡು ನಮ್ಮಲ್ಲಿಗೇ ಬರುತ್ತಿದ್ದರು. 'ಇಂಗ್ಲಿಷಲ್ಲಿ ಬೈಸ್ಕೊಂಡ್ರೆ ಮನಸ್ಸಿಗೆ ನಾಟಲ್ಲ ಕಣಮ್ಮ' ಎನ್ನುತ್ತಿದ್ದರು. ನಾನು ಧಾರಾಳವಾಗಿ ಬೈಯುತ್ತಿದ್ದೆ.

ಆ ಜೂನ್‌ನಲ್ಲಿ ಬಂದವರು ಮಂಗೋಲಿಯಾಕ್ಕೆ ಹೊರಟಿದ್ದೇನೆ ಎಂದರು. ಹುಲ್ಲುಗಾವಲಿನ ನಡುವೆ ಹಳೆಯ ಬೌದ್ಧ ವಿಹಾರಗಳು, ಪಾಳು ಬಿದ್ದ ಗುಡಿಗಳು, ಕೊನೆಗೆ ಖಾರ್ಖೋರಿನ್. ಮಂಗೋಲರ ಸಾಮ್ರಾಜ್ಯದ ಹಳೆಯ ರಾಜಧಾನಿ ಇದ್ದ ಊರು ಅದು. ಈಗ ಅಲ್ಲಿ ಬಿಳಿ ಸ್ತೂಪಗಳ ಸಾಲಿನ ಗೋಡೆಯೊಳಗೆ ಒಂದು ಪುರಾತನ ವಿಹಾರವಿದೆಯಂತೆ. ನಾನು ಅವರ ಎರಡೂ ಅಂಗಾಲಿಗೆ ಎಳೆ ಒತ್ತಿ ನೋಡಿದೆ. ಹಿಮ್ಮಡಿಯಲ್ಲಿ ಬಿಟ್ಟರೆ ಎಲ್ಲೂ 'ಹ್ಞೂ' ಎನ್ನಲಿಲ್ಲ.

'ಇದೇನು ಅಂಕಲ್, ಹೋಗೋಕೆ ಬೇರೆ ಜಾಗ ಸಿಗಲಿಲ್ವಾ? ಕ್ರೂಸ್‌ಗೆ ಹೋಗಿ, ಕೂತ್ಕೊಂಡು ಸಮುದ್ರ ನೋಡಿ.'

'ಸಮುದ್ರ ಮನೆ ಮುಂದೇನೇ ಇದೆಯಲ್ಲಮ್ಮ. ಸುಮ್ನೆ, ಒಂದ್ಸಲ ನೋಡ್ಕೊಂಡ್ ಬರೋಣ ಅಂತ.'

ಅವರು ಸುಮ್ಮನೆ ಏನನ್ನೂ ಮಾಡುವವರಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಹೊರಗೆ ಕಾಯುವವರ ಸಾಲು ಉದ್ದವಿತ್ತು. ನಮ್ಮ ಡಾಕ್ಟರ್ ಅಗಲ ಮೂತಿಯ ಶೂ ಬರೆದುಕೊಟ್ಟರು. ದಿನಾ ಬೆಳಿಗ್ಗೆ ಎರಡೂ ಅಂಗಾಲಿನ ಫೋಟೋ ತೆಗೆದು ಅನುಗೂ ನನಗೂ ಕಳಿಸಬೇಕು ಎಂದು ನಾನು ಮಾತು ತೆಗೆದುಕೊಂಡೆ.

ಜುಲೈನಲ್ಲಿ ಹೊರಟರು. ಮೊದಲ ದಿನಗಳಲ್ಲಿ ಫೋಟೋಗಳು ಚಾಚೂ ತಪ್ಪದೆ ಬಂದವು. ಮೊದಲು ಅಂಗಾಲು, ಅದರ ಹಿಂದೆ ಕುದುರೆಗಳು, ಹಸಿರು ಗುಡ್ಡ, ಬಟ್ಟೆಯ ದುಂಡು ಡೇರೆ. ಅಲ್ಲಿ ಬೆಳಿಗ್ಗೆಯಾದಾಗ ನಮಗೆ ಹಿಂದಿನ ದಿನದ ಸಂಜೆ. ಕೆಲಸ ಮುಗಿಸಿ ಪಾರ್ಕಿಂಗ್ ಲಾಟ್‌ನಲ್ಲಿ ನಿಂತು ನೋಡುವುದು ನನಗೆ ಅಭ್ಯಾಸವಾಯಿತು. ಆಮೇಲೆ ಒಂದು ಸಂಜೆ ಫೋಟೋ ಬರಲಿಲ್ಲ. ಮರುದಿನವೂ ಬರಲಿಲ್ಲ. ಸಿಗ್ನಲ್ ಇರಲಿಕ್ಕಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆದರೂ ರೋಗಿಗಳ ಕಾಲಿಗೆ ಬ್ಯಾಂಡೇಜ್ ಸುತ್ತುವಾಗ ಕಣ್ಣು ಮತ್ತೆ ಮತ್ತೆ ಫೋನಿನ ಮೇಲೇ ಹೋಗುತ್ತಿತ್ತು. ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಮೂರನೆಯ ಸಂಜೆ ಫೋಟೋ ಬಂತು. ಎಡಗಾಲಿನ ಎರಡನೇ ಬೆರಳಿನ ಬುಡದಲ್ಲಿ ಒಂದು ಕಪ್ಪು ಚುಕ್ಕೆ. ಅದರ ಸುತ್ತ ಚರ್ಮ ಕೆಂಪಗೆ ಬಿಗಿದು ಹೊಳೆಯುತ್ತಿತ್ತು. ಕೆಳಗೆ ಅಂಕಲ್ ಬರೆದಿದ್ದರು: 'ಸಣ್ಣ ಗಾಯ. ನೋವೇನೂ ಇಲ್ಲ.' ನಾನು ಆ ಸಾಲು ಓದಿ ನಿಂತಲ್ಲೇ ಬೆವೆತೆ. ನಮ್ಮ ವೃತ್ತಿಯಲ್ಲಿ 'ತುಂಬಾ ನೋವು' ಎನ್ನುವವರಿಗೆ ನಾವು ಅಷ್ಟು ಹೆದರುವುದಿಲ್ಲ. 'ನೋವೇ ಇಲ್ಲ' ಎನ್ನುವವರೇ ನಮ್ಮ ಜೀವ ತಿನ್ನುವವರು.

ತಕ್ಷಣ ಫೋನ್ ಮಾಡಿದೆ. ಅನುವನ್ನೂ ಕಾಲ್‌ಗೆ ಸೇರಿಸಿದೆ.

'ಅಂಕಲ್, ಇದು ಹೇಗಾಯ್ತು? ಶೂ ಎಲ್ಲಿತ್ತು?'

'ಶೂ ಹಾಕ್ಕೊಂಡೇ ಇದ್ದೆ ಕಣಮ್ಮ. ಗುಡಿ ಹತ್ರ ಮಾತ್ರ ಬಿಟ್ಟೆ.'

'ಯಾವ ಗುಡಿ?'

'ಇಲ್ಲಿ ಬೆಟ್ಟದ ಬುಡದಲ್ಲಿ ಒಂದು ಹಳೇ ವಿಹಾರ. ಗೋಡೆಗಳಷ್ಟೇ ಉಳ್ಕೊಂಡಿವೆ. ಮುಳ್ಳು ಪೊದೆ ಬೆಳೆದಿತ್ತು.'

'ಡ್ಯಾಡ್, ದೇರ್ ಈಸ್ ನೋ ಟೆಂಪಲ್! ಇಟ್ಸ್ ಎ ರೂಯಿನ್!' ಅನು ಸ್ಯಾನ್ ಡಿಯಾಗೋದಿಂದ ಕೂಗಿದಳು.

'ಗೋಡೆ ಬಿದ್ರೇನು ಪುಟ್ಟಿ, ದೇವರಿದ್ದ ಜಾಗ ಅಲ್ವಾ?'

ಅಲ್ಲಿನ ವಿಹಾರಗಳಲ್ಲಿ ಪಾದರಕ್ಷೆ ಬಿಡುವ ಪದ್ಧತಿಯೇ ಇಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಚಳಿಯ ದೇಶ, ಬೂಟು ಹಾಕಿಕೊಂಡೇ ಒಳಗೆ ಹೋಗುತ್ತಾರಂತೆ. ಜೊತೆಗಿದ್ದ ಗೈಡ್ ಇದನ್ನು ಅಂಕಲ್‌ಗೆ ಹೇಳಿಯೂ ಇದ್ದ. ಆದರೆ ನಮ್ಮವರಿಗೆ ದೇವರ ಹೊಸ್ತಿಲು ಕಂಡ ಕೂಡಲೇ ಕಾಲು ತಾನಾಗಿ ಚಪ್ಪಲಿಯಿಂದ ಹೊರಗೆ ಬರುತ್ತದೆ, ಕೈ ಸಹಾಯವೂ ಬೇಕಾಗುವುದಿಲ್ಲ. ನಾನೂ ದರ್ಗಾದ ಮುಂದೆ ಹಾಗೇ. 'ಬರಿಗಾಲಲ್ಲಿ ಓಡಾಡುತ್ತೀರಾ' ಎಂದು ಕೇಳಿದಾಗಲೆಲ್ಲ ಅಂಕಲ್ 'ಇಲ್ಲ' ಎನ್ನುತ್ತಿದ್ದದ್ದು ಸುಳ್ಳಲ್ಲ. ಗುಡಿಯ ಒಳಗಿನ ನಡಿಗೆಯನ್ನು ಅವರು ಓಡಾಟದ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಕ್ಲಿನಿಕ್‌ನೊಳಗೆ ಹೋಗಿ ಫೋಟೋವನ್ನು ಡಾಕ್ಟರಿಗೆ ತೋರಿಸಿದೆ. ಅವರದು ಮಾತು ಕಡಿಮೆ. ಮುಳ್ಳು ಒಳಗೆ ಮುರಿದಿದೆ, ಇವತ್ತೇ ಆಸ್ಪತ್ರೆಗೆ ಹೋಗಬೇಕು, ಪ್ರಯಾಣಕ್ಕೆಂದು ನಾವು ಕೊಟ್ಟು ಕಳಿಸಿದ್ದ ಆ್ಯಂಟಿಬಯೋಟಿಕ್ ಈಗಲೇ ಶುರು ಮಾಡಲಿ, ಕೆಂಪು ಎಲ್ಲಿಯವರೆಗೆ ಇದೆಯೋ ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆಯಿಸು ಎಂದರು. ಕೆಂಪು ಬಣ್ಣ ಆ ಗೆರೆಯಾಚೆ ಹೋದರೆ ಸೋಂಕು ಓಡುತ್ತಿದೆ ಎಂದು ಅರ್ಥ.

ಗೆರೆ ಎಳೆಯುವವರು ಯಾರು? ಅಂಕಲ್‌ಗೆ ಬಗ್ಗಿ ಅಂಗಾಲು ನೋಡಿಕೊಳ್ಳಲು ಆಗುವುದಿಲ್ಲ. ಅಷ್ಟು ದಿನ ಫೋಟೋ ತೆಗೆದುಕೊಟ್ಟವನು ಆ ಗೈಡ್, ಬೋಲ್ಡ್ ಎಂದು ಅವನ ಹೆಸರು. ಅವನು ಒಳ್ಳೆಯ ಹುಡುಗ. ಅವನ ಇಂಗ್ಲಿಷ್ ಕುದುರೆ, ಊಟ, ಇತಿಹಾಸಕ್ಕೆ ಸಾಕಾಗುತ್ತಿತ್ತು. ಕೀವು, ಜ್ವರ, ಸೋಂಕು ಎಂದಾಗ ಅವನು ಎಲ್ಲದಕ್ಕೂ 'ಓಕೆ, ಓಕೆ' ಎಂದ. ನಾನು ಫೋನಿನಲ್ಲೇ ಹಲ್ಲು ಕಡಿದೆ. ಆಗ ಬೋಲ್ಡ್ ಯಾರನ್ನೋ ಕೂಗಿದ. ಫೋನ್ ಕೈ ಬದಲಾದ ಸದ್ದಾಯಿತು.

'ನಮಸ್ಕಾರ್ರೀ ಅಕ್ಕಾರ. ಏನ್ ಮಾಡ್ಬೇಕ್ ಹೇಳ್ರಿ.'

ನಾನು ಫೋನ್ ಕಿವಿಯಿಂದ ತೆಗೆದು ಸ್ಕ್ರೀನ್ ನೋಡಿದೆ. ಕಾಲ್ ಮಂಗೋಲಿಯಾದ್ದೇ.

'ಯಾರು ನೀವು?'

'ನಾ ಇಲ್ಲೀ ಲಾಮಾರೀ. ದಾಮ್ದಿನ್ ಅಂತ. ಮುಂಡಗೋಡದಾಗ ಭಾಳ ವರ್ಷ ಓದ್ಕೋತ ಇದ್ದೆ. ಕನ್ನಡ ಅಲ್ಲೀ ಸಂತ್ಯಾಗ ಕಲ್ತದ್ದು, ತಪ್ಪಾದ್ರ ಬೈಬ್ಯಾಡ್ರಿ.'

ಮುಂಡಗೋಡದ ಟಿಬೆಟಿಯನ್ ವಿಹಾರಗಳಿಗೆ ಮಂಗೋಲಿಯಾದ ಹುಡುಗರೂ ಓದಲು ಬರುತ್ತಾರೆ ಎಂಬುದು ನನಗೆ ಆವರೆಗೆ ಗೊತ್ತಿರಲಿಲ್ಲ. ಆ ಪಾಳು ಗೋಡೆಗಳ ಪಕ್ಕದಲ್ಲೇ ಒಂದು ಸಣ್ಣ ಗುಡಿ ಈಗಲೂ ನಡೆಯುತ್ತದೆ, ಇವರು ಅಲ್ಲಿಯ ಲಾಮಾ. ಅಂಕಲ್ ಮತ್ತು ಅವರು ಎರಡು ದಿನದಿಂದ ಅವಲಕ್ಕಿ, ಮಿರ್ಚಿ ಬಜಿ ಎಂದು ಮಾತಾಡಿಕೊಂಡು ಕೂತಿದ್ದರಂತೆ, ಫೋಟೋ ಮರೆತದ್ದೂ ಅದಕ್ಕೇ. ನನಗೆ ನಗು ಬರಬೇಕಿತ್ತು, ಕಣ್ಣಲ್ಲಿ ನೀರು ಬಂತು. ಮಾಡಬೇಕಾದ ಕೆಲಸ ಹೇಳಿದೆ. ಲಾಮಾ ಕೈ ತೊಳೆದುಕೊಂಡು ಬಂದರು. ಪಾದ ಮುಟ್ಟಿ ನೋಡಿದರು. 'ಬಿಸಿ ಐತ್ರಿ. ಹಂಚಿನ್ಹಂಗ ಐತಿ. ಇನ್ನೊಂದ್ ಕಾಲು ತಣ್ಣಗದ' ಎಂದರು. ಪೆನ್ನಿನಿಂದ ಅಂಚಿಗೆ ಗೆರೆ ಎಳೆದು ಫೋಟೋ ಕಳಿಸಿದರು.

ಆಗ ಎದ್ದದ್ದು ದಾರಿಯ ಪ್ರಶ್ನೆ. ಅವರಿದ್ದ ಜಾಗದಿಂದ ಪೂರ್ವಕ್ಕೆ ಐದಾರು ಗಂಟೆ ಹೋದರೆ ಉಲಾನ್‌ಬಾತರ್. ಮುಳ್ಳು ತೆಗೆದು ಕೀವು ಬಸಿಯುವ ಸರ್ಜನ್‌ಗಳು ಇರುವುದು ಅಲ್ಲಿ. ಪಶ್ಚಿಮಕ್ಕೆ ಎರಡು ಗಂಟೆ ಹೋದರೆ ಖಾರ್ಖೋರಿನ್.

'ಖಾರ್ಖೋರಿನ್ ನೋಡ್ಕೊಂಡು ಹಾಗೇ ಹೊರಟುಬಿಡ್ತೀವಿ' ಎಂದರು ಅಂಕಲ್. 'ಎರಡು ಗಂಟೆ ದಾರಿ ಅಷ್ಟೇ. ಒಂದು ಪ್ರದಕ್ಷಿಣೆ ಹಾಕಿದ್ರೆ ಮುಗೀತು.'

'ಶೂ ಹಾಕ್ಕೊಂಡಾ?' ಎಂದು ಕೇಳಿದೆ.

ಅಂಕಲ್ ಬೋಲ್ಡ್‌ನ ಕಡೆ ತಿರುಗಿ ದಾರಿಯ ಬಗ್ಗೆ ಏನೋ ಕೇಳತೊಡಗಿದರು.

ಅನು ಸಿಡಿದಳು. ಅಪ್ಪ ಸ್ವಾರ್ಥಿ, ಅಪ್ಪನಿಗೆ ಹಠ, ಇಡೀ ಜೀವನ ತನ್ನ ಮಾತು ಕೇಳಿಲ್ಲ, ಒಂದು ಹಳೆ ಗೋಡೆ ನೋಡುವುದಕ್ಕೆ ಕಾಲು ಕಳೆದುಕೊಳ್ಳುತ್ತಿದ್ದಾರೆ ಎಂದೆಲ್ಲ ಇಂಗ್ಲಿಷ್‌ನಲ್ಲಿ ಅಂದಳು. ನಾನು ತಡೆಯಲಿಲ್ಲ, ಅವಳು ನನ್ನ ಪರವಾಗಿಯೂ ಕೂಗುತ್ತಿದ್ದಳು. ಅಂಕಲ್ ಎಲ್ಲವನ್ನೂ ಕೇಳಿಸಿಕೊಂಡು, 'ಯೋಚ್ನೆ ಮಾಡಿ ಹೇಳ್ತೀನಿ' ಎಂದು ಫೋನ್ ಇಟ್ಟರು.

ಕ್ಲಿನಿಕ್‌ನ ಮ್ಯಾನೇಜರ್ ಬಾಗಿಲಲ್ಲಿ ನಿಂತು, ಹೊರದೇಶದಲ್ಲಿರುವ ರೋಗಿಗೆ ನಾವು ಹೇಳಬಹುದಾದದ್ದು ಒಂದೇ ಮಾತು, ಹತ್ತಿರದ ಎಮರ್ಜೆನ್ಸಿ ರೂಮ್‌ಗೆ ಹೋಗಿ ಎಂದು ಮಾತ್ರ, ಎಂದು ನೆನಪಿಸಿದರು. ನಿಯಮ ಅವರದಲ್ಲ, ಬೈದು ಪ್ರಯೋಜನವಿರಲಿಲ್ಲ. ಬ್ಯಾಗ್ ತೆಗೆದುಕೊಂಡು ಹೊರಗೆ ಬಂದೆ. ಮನೆಗೆ ಹೋಗುವ ಮನಸ್ಸಾಗಲಿಲ್ಲ. ವೆಂಚುರಾ ಬುಲೆವಾರ್ಡ್‌ನ ಉದ್ದಕ್ಕೂ ಕಾರು ಓಡಿಸಿದೆ, ತಿರುಗಿಸಿಕೊಂಡು ಮತ್ತೆ ಅದೇ ರಸ್ತೆಯಲ್ಲಿ ಬಂದೆ. ಒಂದು ಕಾಫಿ ತೆಗೆದುಕೊಂಡು ಕುಡಿಯದೆ ಇಟ್ಟೆ. ಗಂಡ ಫೋನ್ ಮಾಡಿ ಎಲ್ಲಿದ್ದೀಯ ಎಂದರೆ, ಗೊತ್ತಿಲ್ಲ ಎಂದೆ.

ಬಿಸಿಲು ಇನ್ನೂ ಇಳಿದಿರಲಿಲ್ಲ, ಲಾಮಾ ಹೊಸ ಫೋಟೋ ಕಳಿಸಿದರು. ಕೆಂಪು ಬಣ್ಣ ಪೆನ್ನಿನ ಗೆರೆಯನ್ನು ದಾಟಿ ಪಾದದ ಮೇಲ್ಭಾಗಕ್ಕೆ ಹತ್ತಿತ್ತು. 'ಮೈ ಸುಡಾಕತ್ತೈತ್ರಿ' ಎಂದು ವಾಯ್ಸ್ ಮೆಸೇಜ್. ನಾನು ಒಂದು ಸೂಪರ್ ಮಾರ್ಕೆಟ್‌ನ ಪಾರ್ಕಿಂಗ್‌ನಲ್ಲಿ ನಿಂತು ಮತ್ತೆ ಮೂವರನ್ನೂ ಕಾಲ್‌ಗೆ ಸೇರಿಸಿದೆ.

'ಅಂಕಲ್, ನೀವು ಸೆನ್ಸರ್ ಕೆಲಸ ಮಾಡಿದವರು. ಸೆನ್ಸರ್ ಕೆಟ್ಟುಹೋಗಿ ಸೊನ್ನೆ ತೋರಿಸಿದ್ರೆ, ಎಲ್ಲ ಸರಿಯಿದೆ ಅಂತೀರಾ? ನಿಮ್ಮ ಪಾದದ ಸೆನ್ಸರ್ ಕೆಟ್ಟಿದೆ. ನೋವಿಲ್ಲ ಅನ್ನೋದನ್ನ ನಂಬಬೇಡಿ.'

'ಗೊತ್ತು ಕಣಮ್ಮ' ಎಂದರು, ಬಹಳ ಮೆಲ್ಲಗೆ. 'ಎಲ್ಲ ಗೊತ್ತು. ಆದ್ರೂ ಹೋಗ್ಲೇಬೇಕು.'

'ಯಾಕೆ?' ಈ ಪ್ರಶ್ನೆಯನ್ನು ನಾನು ಬೈಗುಳದ ಧಾಟಿ ಬಿಟ್ಟು ಕೇಳಿದ್ದು ಅದೇ ಮೊದಲು.

ಅಂಕಲ್ ಹೇಳಿದರು. ೨೦೨೧ರ ಜನವರಿಯಲ್ಲಿ ಅನುಗೆ ಕೋವಿಡ್ ಆಗಿ ಸ್ಯಾನ್ ಡಿಯಾಗೋದ ಆಸ್ಪತ್ರೆಯಲ್ಲಿ ವೆಂಟಿಲೇಟರ್‌ಗೆ ಹಾಕಿದ್ದರು. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅಂಕಲ್ ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತಿರುತ್ತಿದ್ದರು. ದಿನಾ ಸಂಜೆ ಅಲ್ಲಿನ ಒಬ್ಬ ನರ್ಸ್ ವಿಡಿಯೋ ಕಾಲ್ ಮಾಡಿ, ಫೋನನ್ನು ಪ್ರಜ್ಞೆಯಿಲ್ಲದ ಅನುವಿನ ಕಿವಿಯ ಹತ್ತಿರ ಹಿಡಿಯುತ್ತಿದ್ದಳು. ಅಪ್ಪ ಮಾತಾಡುವಷ್ಟು ಹೊತ್ತೂ ಕೈ ಇಳಿಸುತ್ತಿರಲಿಲ್ಲ. ಒಂದು ದಿನ ಅಂಕಲ್ ಅವಳ ಊರು ಯಾವುದೆಂದು ಕೇಳಿದರು. ಮಂಗೋಲಿಯಾ, ಖಾರ್ಖೋರಿನ್ ಹತ್ತಿರ ಎಂದಳಂತೆ.

'ಆ ಹುಡುಗಿ ಊರಿನ ದೇವರು ಯಾವ್ದೋ ಏನೋ, ನಂಗೆ ಗೊತ್ತಿರ್ಲಿಲ್ಲ. ಕಾರಲ್ಲೇ ಕೈ ಮುಗಿದು ಹರಕೆ ಹೊತ್ಕೊಂಡೆ. ಮಗಳು ಮನೆಗೆ ಬರ್ಲಿ, ನಿನ್ನ ಗುಡಿ ಸುತ್ತ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕ್ತೀನಿ ಅಂತ. ಮಗಳು ಬಂದ್ಲು. ನಾನು ಇಷ್ಟು ಹತ್ರ ಬಂದು ಹಿಂದಕ್ಕೆ ಹೋದ್ರೆ, ಅವಳಿಗೆ ಏನಾದ್ರೂ ಆದ್ರೆ?'

ನನಗೆ ನನ್ನ ಮೇಲೇ ಕೋಪ ಬಂತು, ಅಂಕಲ್ ಮೇಲೆ ಪ್ರೀತಿ ಬಂತು, ಮುಖ ನೋಡದ ಆ ನರ್ಸ್‌ಗೆ ಸಲಾಂ ಹೇಳಬೇಕೆನಿಸಿತು. ಹರಕೆಯ ಮುಂದೆ ನನ್ನ ನೈಲಾನ್ ಎಳೆ, ಪೆನ್ನಿನ ಗೆರೆ ಯಾವುದೂ ನಡೆಯುವುದಿಲ್ಲ ಎಂದು ಗೊತ್ತಾಯಿತು.

'ಅಪ್ಪ' ಎಂದಳು ಅನು. ಅವಳ ಕನ್ನಡ ತೊದಲುತ್ತಿತ್ತು. 'ಅದು ನಂದು. ಐ ಮೀನ್, ಹರಕೆ ನನಗೋಸ್ಕರ ಅಲ್ವಾ? ನಾನು ಮಾಡ್ತೀನಿ. ನಾನು ಬಂದು ನಡೀತೀನಿ. ಪ್ಲೀಸ್ ಅಪ್ಪ, ನೀವು ಹಾಸ್ಪಿಟಲ್‌ಗೆ ಹೋಗಿ.'

'ನೀನು ಬರೋವರೆಗೆ ಬಾಕಿ ಇಟ್ಕೊಳ್ಳೋದು ಹೇಗೆ ಪುಟ್ಟಿ? ದೇವರ ಹತ್ರ ಸಾಲ ಇಟ್ಕೊಂಡು ಆಪರೇಷನ್ ಟೇಬಲ್ ಮೇಲೆ ಮಲಗೋದಾ?'

ಆಗ ಲಾಮಾ ನಡುವೆ ಬಂದರು. ಅವರು ಶಾಸ್ತ್ರ ಹೇಳಲಿಲ್ಲ, ಹೆದರಿಸಲಿಲ್ಲ.

'ಯಜಮಾನ್ರ, ಮಗಳ ಹೆಸ್ರು, ರಾಶಿ, ನಕ್ಷತ್ರ ಹೇಳ್ರಿ.'

'ಏನು?'

'ನಿಮ್ಮ ಕಡಿ ಗುಡಿ ಕೌಂಟರ್‌ನ್ಯಾಗ ಕೇಳ್ತಾರಲ್ರಿ, ಹಂಗ. ಊರಿಂದ ದೂರ ಇದ್ದೋರ ಹೆಸ್ರಿಲೆ ಪೂಜಾ ಮಾಡ್ಸಂಗಿಲ್ಲೇನು? ಖಾರ್ಖೋರಿನ್‌ಗೆ ನಾ ಹೊಂಟೆ. ಆಕೀ ಹೆಸ್ರಿಲೆ ನಾ ಸುತ್ತು ಹಾಕ್ತೀನಿ. ನಮ್ಮಲ್ಲೂ ಹಿಂಗ ಒಬ್ರ ಸಲುವಾಗಿ ಇನ್ನೊಬ್ರು ನಡೀತಾರ. ನೀವು ಆ ಕಡಿ ಹೋಗ್ರಿ, ನಾ ಈ ಕಡಿ ಹೋಗ್ತೀನಿ.'

ಅಂಕಲ್ ಎಂಜಿನಿಯರ್ ಮನುಷ್ಯ, ಆ ಮಾತನ್ನು ಎಲ್ಲ ಕಡೆಯಿಂದ ತಟ್ಟಿ ನೋಡಿದರು ಎಂದು ಕಾಣುತ್ತದೆ. ಊರಿನಲ್ಲಿ ಅಕ್ಕ ತಂಗಿಯರು ವರ್ಷವರ್ಷ ಅವರ ಹೆಸರಲ್ಲಿ ನಂಜನಗೂಡಿನಲ್ಲಿ ಅರ್ಚನೆ ಮಾಡಿಸಿದ್ದನ್ನು ಅವರು ಎಂದೂ ಸಲ್ಲದು ಎಂದಿರಲಿಲ್ಲ.

'ಅನುಪಮಾ' ಎಂದರು ಕೊನೆಗೆ. 'ವೃಷಭ ರಾಶಿ. ರೋಹಿಣಿ ನಕ್ಷತ್ರ.'

ಕಾರಿನ ಬಾಗಿಲು ಹಾಕಿದ ಸದ್ದು ನನಗೆ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಬೋಲ್ಡ್ ಹಿಂದಿನ ಸೀಟಿನಲ್ಲಿ ಅಂಕಲ್ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಪೂರ್ವಕ್ಕೆ ಹೊರಟ. ಲಾಮಾ ಪರಿಚಯದವರೊಬ್ಬರ ಜೀಪ್ ಹತ್ತಿ ಪಶ್ಚಿಮಕ್ಕೆ ಹೊರಟರು.

ಉಲಾನ್‌ಬಾತರ್‌ನಲ್ಲಿ ಆ ದಿನವೇ ಆಪರೇಷನ್ ಆಯಿತು. ಮುಳ್ಳಿನ ತುದಿ ಬೆರಳಿನ ಮೂಳೆಗೆ ತಾಗಿ ಕೂತಿತ್ತು. ಎರಡನೇ ಬೆರಳನ್ನು ತೆಗೆಯಬೇಕಾಯಿತು. ಪಾದ ಉಳಿಯಿತು. ಸೋಂಕು ಪಾದದ ನಡುವಿನ ಜಾಗಕ್ಕೆ ಇಳಿಯುವ ಅಂಚಿನಲ್ಲಿತ್ತು, ಇನ್ನೊಂದು ದಿನ ಕಳೆದಿದ್ದರೆ ಬೆರಳಿನಲ್ಲಿ ಮುಗಿಯುತ್ತಿರಲಿಲ್ಲ ಎಂದು ಅಲ್ಲಿಯ ಸರ್ಜನ್ ನಮ್ಮ ಡಾಕ್ಟರಿಗೆ ಬರೆದಿದ್ದರು. ಅನು ಸಿಕ್ಕಿದ ಮೊದಲ ವಿಮಾನ ಹತ್ತಿ ಹೋಗಿ ಅಪ್ಪನನ್ನು ಕರೆದುಕೊಂಡು ಬಂದಳು.

ಗಾಯ ಮಾಗಲು ತಿಂಗಳುಗಳು ಹಿಡಿದವು. ಪ್ರತಿ ವಾರ ಅನು ಸ್ಯಾನ್ ಡಿಯಾಗೋದಿಂದ ರೆಡೊಂಡೊ ಬೀಚ್‌ಗೆ ಬಂದು ಅಪ್ಪನನ್ನು ಕೂರಿಸಿಕೊಂಡು ನಮ್ಮಲ್ಲಿಗೆ ಕರೆತರುತ್ತಿದ್ದಳು. ಒಂದು ದಿನ ನಾನು ಬ್ಯಾಂಡೇಜ್ ಬಿಚ್ಚುತ್ತಿದ್ದಾಗ ಅಂಕಲ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

'ನಸೀಮಾ, ಒಂದು ಕೇಳ್ತೀನಿ. ಲಾಮಾ ಬೂಟು ಹಾಕ್ಕೊಂಡೇ ಸುತ್ತಿದ್ರಂತೆ. ಅದು ಸಲ್ಲುತ್ತಾ?'

'ಅಂಕಲ್, ನೀವು ಬೇಡಿಕೊಂಡಿದ್ದು ಏನು?'

'ಮಗಳು ಮನೆಗೆ ಬರ್ಲಿ ಅಂತ.'

'ಬಂದಿದ್ದಾಳಲ್ಲ. ಹೊರಗೆ ಪಾರ್ಕಿಂಗ್ ಸಿಗದೆ ನಮ್ಮ ಬಿಲ್ಡಿಂಗ್‌ಗೇ ಪ್ರದಕ್ಷಿಣೆ ಹಾಕ್ತಿದ್ದಾಳೆ.'

ಅಂಕಲ್ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ನಾನು ತಲೆ ತಗ್ಗಿಸಿ ಗಾಯ ತೊಳೆದೆ.

ರಿಟೈರ್ ಆಗುವವರೆಗಿನ ನನ್ನ ಉಳಿದ ದಿನಗಳಲ್ಲಿ ಪ್ರತಿ ರೋಗಿಗೂ ಒಂದು ಪ್ರಶ್ನೆ ಹೆಚ್ಚಾಗಿ ಕೇಳಿದೆ: ಎಲ್ಲಿಗಾದರೂ ನಡೆಯುತ್ತೇನೆ ಎಂದು ಮಾತು ಕೊಟ್ಟಿದ್ದೀರಾ, ಯಾರಿಗಾಗಿ? ಮೊದಲ ವಾರವೇ ಒಬ್ಬ ಮೆಕ್ಸಿಕನ್ ಅಜ್ಜಿ, ಬಹಳ ವರ್ಷಗಳಿಂದ ನಮ್ಮಲ್ಲಿಗೆ ಬರುತ್ತಿದ್ದವರು, ಮಗ ಹೊರಗೆ ಹೋದದ್ದನ್ನು ಖಚಿತ ಮಾಡಿಕೊಂಡು ಉತ್ತರ ಕೊಟ್ಟರು. ಪ್ರತಿ ಡಿಸೆಂಬರ್‌ನಲ್ಲಿ ಮೊಮ್ಮಗನ ಸಲುವಾಗಿ ಚರ್ಚ್‌ನ ಅಂಗಳವನ್ನು ಮಂಡಿಯೂರಿ ದಾಟುತ್ತಾರಂತೆ. ಆಗ ಕಾಲಬೆರಳುಗಳು ನೆಲಕ್ಕೆ ಉಜ್ಜುತ್ತವೆ. ಅವರ ಬೆರಳಿನ ಹುಣ್ಣು ಪ್ರತಿ ಜನವರಿಯಲ್ಲಿ ಏಕೆ ಮರುಕಳಿಸುತ್ತಿತ್ತು ಎಂಬುದು ನಮಗೆ ಕೊನೆಗೂ ತಿಳಿಯಿತು. ಅದನ್ನು ಬಿಡಿ ಎಂದು ನಾನು ಹೇಳಲಿಲ್ಲ. ಮಂಡಿಗೆ ಒಂದು ಜೊತೆ ಪ್ಯಾಡ್, ಬೆರಳಿಗೆ ಮುಂದೆ ಗಟ್ಟಿಯಾದ ಶೂ ಕೊಡಿಸಿ, ಅಂಗಳ ದಾಟುವ ದಿನದ ಮರುದಿನಕ್ಕೇ ಅಪಾಯಿಂಟ್‌ಮೆಂಟ್ ಬರೆದೆ.